ಅರ್ಧ ಗಂಟೆ ಕೂತು ನೋಡದೆ ಕಾರು ಬುಕ್ ಮಾಡ್ಬೇಡಿ – ಪಂಚ್ ಎಎಂಟಿ, ಆರು ತಿಂಗಳಾದ್ಮೇಲೆ

ಕಾರು ತಗೊಂಡು ಆರು ತಿಂಗಳಾಯ್ತು, ಮೀಟರ್ 6,200 ಕಿಮೀ ತೋರಿಸ್ತಿದೆ. ಟಾಟಾ ಪಂಚ್, ಪೆಟ್ರೋಲ್, ಎಎಂಟಿ, ಅಂದ್ರೆ ಕ್ಲಚ್ ಪೆಡಲ್ ಇಲ್ಲ, ಗೇರ್ ತಾನಾಗೇ ಬದಲಾಗತ್ತೆ. ತಗೊಂಡ ವಾರದಲ್ಲೇ ಬರೀಬೇಕು ಅನ್ಕೊಂಡಿದ್ದೆ, ಆದ್ರೆ ಸೀಟಿನ ಬಗ್ಗೆ ಹೇಳೋಕೆ ಅದರಲ್ಲಿ ನಾಲ್ಕೈದು ತಿಂಗಳಾದ್ರೂ ಕೂತಿರ್ಬೇಕು ಅನ್ನಿಸ್ತು, ಅದಕ್ಕೇ ಈಗ ಬರೀತಿದೀನಿ. ಎಂಜಿನ್ ಪವರ್ ಎಷ್ಟು, ಸ್ಕ್ರೀನ್ ಎಷ್ಟು ಇಂಚು ಅನ್ನೋದೆಲ್ಲ ಬೇಕಾದಷ್ಟು ಕಡೆ ಸಿಗತ್ತೆ. ದಿನಾ ಮೂರು ಗಂಟೆ ಕೂರೋ ಜಾಗದ ಬಗ್ಗೆ ಮಾತ್ರ ಒಂದೇ ಲೈನು, ಸೀಟು ಕಂಫರ್ಟಬಲ್ ಆಗಿದೆ ಅಂತ. ಯಾರಿಗೆ ಕಂಫರ್ಟಬಲ್ಲು? ಆರಡಿ ಗಂಡಸಿಗಾ, ಐದಡಿ ಒಂದಿಂಚಿರೋ ನನಗಾ, ಇಲ್ಲಾ ಮಂಡಿ ನೋವಿರೋ ನಮ್ಮಮ್ಮಂಗಾ?

ನಾನು ಓಡಾಡೋದು ನಾಗರಭಾವಿಯಿಂದ ಬೆಳ್ಳಂದೂರಿಗೆ, ವಾರಕ್ಕೆ ನಾಲ್ಕು ದಿನ. ನಾಯಂಡಹಳ್ಳಿ, ಕತ್ರಿಗುಪ್ಪೆ, ಬನಶಂಕರಿ, ಸಾರಕ್ಕಿ, ಜಯದೇವ, ಸಿಲ್ಕ್ ಬೋರ್ಡ್, ಅಗರ, ಪೂರ್ತಿ ಔಟರ್ ರಿಂಗ್ ರೋಡೇ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆ ಹೋಗೋ ಡಬಲ್ ಡೆಕರ್ ಫ್ಲೈಓವರ್ 2024ರಲ್ಲಿ ಓಪನ್ ಆದ್ಮೇಲೆ ಬೆಳಗ್ಗೆ ಸ್ವಲ್ಪ ಉಸಿರಾಡೋ ಹಾಗಾಗಿದೆ, ಆದ್ರೂ ಒಂದೂಕಾಲು ಗಂಟೆಗೆ ಕಡಿಮೆ ಇಲ್ಲ, ಸಂಜೆ ವಾಪಸ್ ಬರೋವಾಗ ಇನ್ನೂ ಜಾಸ್ತಿ. ಊರೂರಿನ ಟ್ರಾಫಿಕ್ ಅಳೆಯೋ ಟಾಮ್‌ಟಾಮ್ ಕಂಪನಿಯೋರು 2022ರ ಲೆಕ್ಕದಲ್ಲಿ ಬೆಂಗಳೂರಿನ ಸಿಟಿ ಸೆಂಟರಲ್ಲಿ 10 ಕಿಮೀ ಹೋಗೋಕೆ 29 ನಿಮಿಷ ಅಂತ ಹೇಳಿದ್ರು. ನಮ್ಮೂರಲ್ಲಿ ಕಾರು ಅಂದ್ರೆ ಓಡೋ ಹೊತ್ತಿಗಿಂತ ನಿಂತಿರೋ ಹೊತ್ತೇ ಹೆಚ್ಚು, ಹಾಗಾಗಿ ಸೀಟನ್ನೇ ಮೊದಲು ನೋಡಿ ಅಂತ ಹೇಳ್ತೀನಿ.

ಮುಂಚೆ ಇದ್ದಿದ್ದು ಒಂಬತ್ತು ವರ್ಷದ ಹಳೇ ಹ್ಯಾಚ್‌ಬ್ಯಾಕು, ಹೆಸರು ಬೇಡ. ಅದರ ಡ್ರೈವರ್ ಸೀಟು ಮೇಲೆ ಕೆಳಗೆ ಆಗ್ತಿರ್ಲಿಲ್ಲ. ಬಾನೆಟ್ ಕಾಣ್ಸಲ್ಲ ಅಂತ ಕೆಳಗೆ ಒಂದು ದಿಂಬು ಹಾಕ್ಕೊಂಡು ಓಡಿಸ್ತಿದ್ದೆ. ಎರಡು ವರ್ಷದಿಂದ ಸೊಂಟದ ಕೆಳಗೆ ಎಡಗಡೆ ಹಿಡ್ಕೊಳ್ಳೋಕೆ ಶುರುವಾಯ್ತು, ರಾತ್ರಿ ಮಗ್ಗಲು ಬದಲಾಯಿಸೋಕೂ ಕಷ್ಟ. ಆಫೀಸಿನ ಕುರ್ಚಿ ಬದಲಾಯಿಸಿದೆ, ಹಾಸಿಗೆ ಬದಲಾಯಿಸಿದೆ, ಏನೂ ಪ್ರಯೋಜನ ಆಗ್ಲಿಲ್ಲ. ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ರ ಹೋದಾಗ ಅವರು ಕೇಳಿದ ಮೊದಲನೇ ಪ್ರಶ್ನೆನೇ, ದಿನಕ್ಕೆ ಎಷ್ಟು ಹೊತ್ತು ಕಾರಲ್ಲಿ ಕೂರ್ತೀರಾ ಅಂತ. ಆಮೇಲೆ ಕೆಳಗೆ ಪಾರ್ಕಿಂಗಿಗೇ ಬಂದು ನಾನು ಕೂರೋದನ್ನ ನೋಡಿದ್ರು. ಸೀಟಿನ ಬೇಸ್, ಅಂದ್ರೆ ತೊಡೆ ಊರೋ ಭಾಗ, ನನ್ನ ತೊಡೆಗಿಂತ ಉದ್ದ ಇತ್ತು. ಬೆನ್ನು ಪೂರ್ತಿ ಹಿಂದಕ್ಕೆ ಒರಗಿದ್ರೆ ಸೀಟಿನ ಅಂಚು ಮಂಡಿ ಹಿಂದುಗಡೆಗೆ ಒತ್ತತ್ತೆ, ಕ್ಲಚ್ ಪೂರ್ತಿ ಸಿಗಲ್ಲ. ಕ್ಲಚ್ ಸಿಗ್ಲಿ ಅಂತ ನಾನು ಗೊತ್ತಿಲ್ಲದ ಹಾಗೇ ಮುಂದಕ್ಕೆ ಜಾರ್ಕೊಂಡು ಕೂರ್ತಿದ್ದೆ, ಆಗ ಸೊಂಟದ ಹಿಂದೆ ಒಂದು ಅಂಗೈ ಅಗಲ ಖಾಲಿ ಜಾಗ. ಅದೇ ಭಂಗೀಲಿ ಎಡಗಾಲಲ್ಲಿ ಕ್ಲಚ್ ಒತ್ತೋದು ಬಿಡೋದು. ಒಂದು ದಿನ ಎಣಿಸ್ಕೊಂಡು ಹೋದೆ, ಬನಶಂಕರಿಯಿಂದ ಸಿಲ್ಕ್ ಬೋರ್ಡ್ ಒಳಗೆ ಇನ್ನೂರು ದಾಟ್ತು, ಆಮೇಲೆ ಎಣಿಸೋದು ಬಿಟ್ಟೆ.

ತೊಡೆಗೆ ಸಪೋರ್ಟ್ ಕಡಿಮೆ ಅಂತ ಎತ್ತರ ಇರೋರು ಬೈಯೋದು ಎಲ್ಲ ರಿವ್ಯೂಲೂ ಇರತ್ತೆ. ಬೇಸ್ ಉದ್ದ ಆದ್ರೆ ಕುಳ್ಳಗಿರೋರ ಸೊಂಟ ಹೋಗತ್ತೆ ಅನ್ನೋದನ್ನ ಯಾರೂ ಬರ್ಯಲ್ಲ. ನಮ್ಮ ಕಡೆ ಹೆಂಗಸರಲ್ಲಿ ಎಷ್ಟೋ ಜನ ನನ್ನ ಎತ್ತರದೋರೇ ಇದೀವಿ, ಈಗ ಕಾರು ಓಡಿಸೋರೂ ಜಾಸ್ತಿ ಆಗಿದೀವಿ, ಅದಕ್ಕೇ ಇಷ್ಟು ಬಿಡಿಸಿ ಹೇಳ್ತಿರೋದು. ಬೆನ್ನು ಪೂರ್ತಿ ಒರಗಿ ಕೂತಾಗ ಸೀಟಿನ ಅಂಚಿಗೂ ಮಂಡಿ ಹಿಂಭಾಗಕ್ಕೂ ಮಧ್ಯೆ ಎರಡು ಮೂರು ಬೆರಳು ಹೋಗ್ಬೇಕು. ಹೋಗ್ಲಿಲ್ವಾ, ಆ ಸೀಟು ನಿಮ್ಮದಲ್ಲ.

ಹೊಸ ಕಾರು ನೋಡೋಕೆ ಹೊರಟಾಗ ಬ್ಯಾಗಲ್ಲಿ ಟೈಲರ್ ಟೇಪ್ ಇಟ್ಕೊಂಡೆ, ಪಕ್ಕದಲ್ಲಿ ಅಮ್ಮನ್ನ ಕೂರಿಸ್ಕೊಂಡೆ. ದಿನಾ ಹಾಕೋ ಚಪ್ಪಲಿನೇ ಹಾಕ್ಕೊಂಡಿದ್ದೆ, ಕೂದಲಿಗೆ ದಿನಾ ಹಾಕೋ ಕ್ಲಿಪ್ಪೇ. ಕ್ಲಿಪ್ ಯಾಕೆ ಅಂದ್ರೆ, ಕೆಲವು ಕಾರಲ್ಲಿ ಹೆಡ್‌ರೆಸ್ಟ್ ಮುಂದಕ್ಕೆ ಬಾಗಿರತ್ತೆ, ಕ್ಲಿಪ್ಪೋ ತುರುಬೋ ಇದ್ರೆ ತಲೆ ಮುಂದಕ್ಕೆ ತಳ್ಳತ್ತೆ, ಒಂದು ಗಂಟೆ ಹಾಗೆ ಕೂತ್ರೆ ಕತ್ತು ಹಿಡ್ಕೊಳ್ಳತ್ತೆ. ಒಂದು ಕಾರಲ್ಲಿ ಹೆಡ್‌ರೆಸ್ಟು ಸೀಟಿಗೇ ಸೇರಿಕೊಂಡಿತ್ತು, ಮೇಲೆ ಕೆಳಗೆ ಮಾಡೋಕಾಗಲ್ಲ, ಹತ್ತು ನಿಮಿಷಕ್ಕೇ ಇಳಿದೆ.

ಶೋರೂಮಲ್ಲಿ ಕೊಡೋ ಟೆಸ್ಟ್ ಡ್ರೈವ್ ಹತ್ತು ನಿಮಿಷದ್ದು, ಖಾಲಿ ಸರ್ವಿಸ್ ರೋಡಲ್ಲಿ ಒಂದು ರೌಂಡು. ಅಷ್ಟರಲ್ಲಿ ಸೀಟಿನ ಬಗ್ಗೆ ಏನೂ ಗೊತ್ತಾಗಲ್ಲ. ಇನ್ನೂ ಹೇಳ್ಬೇಕಂದ್ರೆ ತಪ್ಪೇ ಗೊತ್ತಾಗತ್ತೆ, ಯಾಕಂದ್ರೆ ಮೆತ್ತಗಿರೋ ಸೀಟು ಮೊದಲ ಹತ್ತು ನಿಮಿಷ ಸೋಫಾ ತರ ಹಾಯಾಗಿರತ್ತೆ, ನಲವತ್ತು ನಿಮಿಷಕ್ಕೆ ಫೋಮ್ ಕುಸಿದು, ನಾವು ಊರಿ ಕೂರೋ ಎಲುಬು ಸೀಟಿನ ತಳಕ್ಕೆ ತಾಗೋ ಹಾಗಾಗತ್ತೆ. ಮೊದಲು ಸ್ವಲ್ಪ ಗಟ್ಟಿ ಅನ್ನಿಸಿದ ಸೀಟೇ ಕೊನೇಲಿ ಮೈಗೆ ಒಗ್ಗತ್ತೆ. ಹಾಗಾಗಿ ನಾನು ಕೇಳಿದ್ದು, ಓಡಿಸೋಕೆ ಬೇಡ, ಡಿಸ್ಪ್ಲೇ ಕಾರಲ್ಲಿ ಅರ್ಧ ಗಂಟೆ ಸುಮ್ನೆ ಕೂರ್ತೀನಿ ಅಂತ. ಒಂದು ಶೋರೂಮಲ್ಲಿ "ಹಾಗೆಲ್ಲ ಆಗಲ್ಲ ಮೇಡಂ, ಬೇರೆ ಕಸ್ಟಮರ್ಸ್ ನೋಡ್ಬೇಕು" ಅಂದ್ರು, ಎದ್ದು ಬಂದ್ವಿ. ಇನ್ನೊಂದರಲ್ಲಿ ಹುಡುಗ ಪಾಪ ಎಸಿ ಕೆಳಗೆ ನಿಲ್ಲಿಸಿರೋ ಕಾರು ತೋರಿಸಿ, ಅಮ್ಮಂಗೆ ನೀರು ತಂದ್ಕೊಟ್ಟು, ಎಷ್ಟು ಹೊತ್ತಾದ್ರೂ ಕೂತ್ಕೊಳ್ಳಿ ಅಂದ. ಕಾರು ತಗೊಂಡಿದ್ದು ಅಲ್ಲೇ.

ಅಮ್ಮನ ವಿಷಯ ಬೇರೇನೇ. ಮಂಡಿ ನೋವಿರೋರು ಕಾರು ಹತ್ತೋದನ್ನ ನಿಂತು ಗಮನಿಸಿ. ಮೊದಲು ಬಾಗಿಲಿಗೆ ಬೆನ್ನು ಹಾಕ್ತಾರೆ, ಕುಂಡಿ ಊರ್ತಾರೆ, ಆಮೇಲೆ ಎರಡೂ ಕಾಲು ಒಂದೊಂದಾಗಿ ಕೈಯಲ್ಲಿ ಎತ್ತಿ ಒಳಗಿಡ್ತಾರೆ. ಸೀಟು ತಗ್ಗಲ್ಲಿದ್ರೆ ಕೊನೇ ನಾಲ್ಕು ಇಂಚು ಧೊಪ್ ಅಂತ ಬೀಳ್ತಾರೆ, ಇಳಿಯೋವಾಗ ಬಾಗಿಲು ಹಿಡ್ಕೊಂಡು ಏಳೋಕೆ ಒದ್ದಾಡ್ತಾರೆ. ಮನೇಲಿ ಅಮ್ಮ ಕೈ ಊರದೆ ಏಳೋದು ಊಟದ ಮೇಜಿನ ಕುರ್ಚಿಯಿಂದ ಮಾತ್ರ, ಅದು 18 ಇಂಚು. ನೆಲದಿಂದ ಸೀಟಿಗೆ ಅದಕ್ಕಿಂತ ಕಡಿಮೆ ಇರೋ ಕಾರು ಬೇಡ ಅಂತ ಮನೇಲೇ ತೀರ್ಮಾನ ಮಾಡ್ಕೊಂಡು ಹೊರಟಿದ್ವಿ. ಮಾಮೂಲಿ ಹ್ಯಾಚ್‌ಬ್ಯಾಕ್‌ಗಳೆಲ್ಲ ಅಲ್ಲಿಗೇ ಹೊರಗೆ ಉಳಿದ್ವು, ಅದು ಆ ಕಾರುಗಳ ತಪ್ಪೇನಲ್ಲ, ನಮ್ಮನೆ ಮಂಡಿಗೆ ಅವು ಆಗಲ್ಲ ಅಷ್ಟೆ.

ಉಳಿದಿದ್ದು ಮುಖ್ಯವಾಗಿ ವ್ಯಾಗನಾರ್ ಮತ್ತು ಪಂಚ್. ವ್ಯಾಗನಾರ್ ಅಮ್ಮಂಗೆ ತುಂಬಾ ಹಿಡಿಸ್ತು. 1675 ಮಿಮೀ ಎತ್ತರ, ಕುರ್ಚಿ ಮೇಲೆ ಕೂತ ಹಾಗೇ ಕೂರ್ಬಹುದು, ಡಿಕ್ಕಿ 341 ಲೀಟರು, ಅಗಲ ಬರೀ 1620 ಮಿಮೀ ಆಗಿರೋದ್ರಿಂದ ನಮ್ಮ ಗಲ್ಲಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾನು ಹಿಂದೇಟು ಹಾಕಿದ್ದು ಸೇಫ್ಟಿ ವಿಷಯಕ್ಕೆ, ಕಾರು ಗುದ್ದಿಸಿ ಪರೀಕ್ಷೆ ಮಾಡೋ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2023ರಲ್ಲಿ ಅದಕ್ಕೆ ಕೊಟ್ಟಿದ್ದು ಐದರಲ್ಲಿ ಒಂದೇ ಸ್ಟಾರು. 2025ರಿಂದ ಅದರಲ್ಲೂ ಆರು ಏರ್‌ಬ್ಯಾಗ್ ಸ್ಟ್ಯಾಂಡರ್ಡ್ ಆಗಿದೆ, ಅದನ್ನೂ ಹೇಳಲೇಬೇಕು. ಪಂಚ್‌ಗೆ 2021ರಲ್ಲಿ ದೊಡ್ಡೋರ ಸೇಫ್ಟಿಗೆ ಐದು ಸ್ಟಾರ್, ಮಕ್ಕಳದ್ದಕ್ಕೆ ನಾಲ್ಕು ಬಂದಿತ್ತು. ಆದ್ರೆ ನನ್ನ ಕಾರಲ್ಲಿರೋದು ಎರಡೇ ಏರ್‌ಬ್ಯಾಗು. ಬಾಡಿ ಗಟ್ಟಿ ಇರೋದು ಮುಖ್ಯನಾ ಏರ್‌ಬ್ಯಾಗ್ ಲೆಕ್ಕ ಮುಖ್ಯನಾ ಅಂತ ಮನೇಲಿ ಎರಡು ದಿನ ಚರ್ಚೆ ಆಯ್ತು, ನಾನು ಬಾಡಿ ಕಡೆ ನಿಂತೆ.

ಪಂಚಲ್ಲಿ ಅಮ್ಮಂಗೆ ಕೆಲಸಕ್ಕೆ ಬಂದಿದ್ದು ಬಾಗಿಲು. ನಾಲ್ಕೂ ಬಾಗಿಲು 90 ಡಿಗ್ರಿ ತೆಗೆಯತ್ತೆ, ಅಂದ್ರೆ ಕಾರಿಗೆ ನೇರ ಅಡ್ಡಕ್ಕೆ. ಬೆನ್ನು ಹಾಕಿ ಕೂತು ಕಾಲು ಒಳಗೆಳ್ಕೊಳ್ಳೋಕೆ ಬೇಕಾದಷ್ಟು ಜಾಗ. ಶೋರೂಮಲ್ಲಿ ಮೂರು ಸಲ ಹತ್ತಿ ಇಳಿದ್ರು, ಮೂರನೇ ಸಲ ನನ್ನ ಕೈ ಹಿಡೀಲೇ ಇಲ್ಲ. "ಇದ್ರಲ್ಲಿ ಇಳಿಯೋದು ಕಷ್ಟ ಇಲ್ಲ ಕಣೇ" ಅಂದ್ರು. ಆ ಬಾಗಿಲಿಂದ ಒಂದು ತೊಂದ್ರೆನೂ ಇದೆ, ನಮ್ಮ ಬೇಸ್‌ಮೆಂಟಲ್ಲಿ ಪಕ್ಕದ ಕಾರು ಒತ್ತಿ ನಿಂತಿದ್ರೆ ಅಷ್ಟು ತೆಗೆಯೋಕೆ ಎಲ್ಲಿ ಜಾಗ, ಅಮ್ಮನ್ನ ಹೊರಗೇ ಇಳಿಸಿ ಆಮೇಲೆ ಪಾರ್ಕ್ ಮಾಡ್ಬೇಕು.

ಡ್ರೈವರ್ ಸೀಟು. ನನ್ನ ವೇರಿಯೆಂಟಲ್ಲಿ ಎತ್ತರ ಅಡ್ಜಸ್ಟ್ ಆಗತ್ತೆ, ಎಲ್ಲದ್ರಲ್ಲೂ ಬರಲ್ಲ, ಕೇಳಿ ತಗೊಳ್ಳಿ. ಸನ್‌ರೂಫಿಗೆ ದುಡ್ಡು ಕೊಡೋ ಬದಲು ಇದಕ್ಕೆ ಕೊಡಿ. ಲಿವರ್ ಎಳೆದು ಮೇಲೆತ್ತಿದ್ರೆ ಬಾನೆಟ್ ಕಾಣತ್ತೆ, ದಿಂಬು ಬೇಡ. ಮಂಡಿ ಹಿಂದೆ ಸರಿಯಾಗಿ ಎರಡು ಬೆರಳು ಹೋಗತ್ತೆ. ಸ್ಟಿಯರಿಂಗ್ ಮೇಲೆ ಕೆಳಗೆ ಮಾತ್ರ ಆಗತ್ತೆ, ಹತ್ರ ದೂರ ಆಗಲ್ಲ. ಈ ಬೆಲೆಯ ಬಹಳಷ್ಟು ಕಾರುಗಳಲ್ಲಿ ಹೀಗೇ, ಬಲೆನೊದಂಥ ಒಂದೆರಡರ ಮೇಲಿನ ವೇರಿಯೆಂಟಲ್ಲಿ ಎರಡೂ ಸಿಗತ್ತೆ. ಕುಳ್ಳಗಿರೋರಿಗೆ ಇದು ಯಾಕೆ ಮುಖ್ಯ ಅಂದ್ರೆ, ಪೆಡಲ್ ಸಿಗ್ಲಿ ಅಂತ ಸೀಟು ಮುಂದೆ ಎಳ್ಕೊಂಡ್ರೆ ಎದೆ ಸ್ಟಿಯರಿಂಗಿಗೆ ಹತ್ರ ಆಗತ್ತೆ. ಏರ್‌ಬ್ಯಾಗ್ ಇರೋ ಸ್ಟಿಯರಿಂಗಿನ ನಡುಭಾಗಕ್ಕೂ ಎದೆಗೂ ಕಡಿಮೆ ಅಂದ್ರೂ 10 ಇಂಚು, ಅಂದ್ರೆ 25 ಸೆಂಟಿಮೀಟರ್ ಇರ್ಬೇಕು. ಟೇಪ್ ಹಿಡಿದು ನೋಡಿದೆ, ಬೆನ್ನಿನ ಭಾಗ ಒಂದು ಹಲ್ಲು ಹಿಂದಕ್ಕೆ ಹಾಕಿದ್ಮೇಲೆ 11 ಬಂತು. ಈ ಅಳತೆ ದಯವಿಟ್ಟು ಮಾಡ್ಕೊಳ್ಳಿ, ಎರಡು ನಿಮಿಷದ ಕೆಲಸ.

ಸೊಂಟದ ಹಿಂದೆ ಫಿಸಿಯೋ ಹೇಳಿದ ಹಾಗೆ ಹಳೇ ಟವೆಲ್ ಒಂದನ್ನ ಸುರುಳಿ ಸುತ್ತಿ ಇಟ್ಕೊಳ್ತೀನಿ, ತೋಳಿನಷ್ಟು ದಪ್ಪ, ಬೆಲ್ಟ್ ಕಟ್ಟೋ ಮಟ್ಟಕ್ಕಿಂತ ಒಂದು ಚೂರು ಮೇಲೆ. ಆನ್‌ಲೈನಲ್ಲಿ ಸಿಗೋ ದಪ್ಪ ದಿಂಬು ತರಿಸಿ ನೋಡಿದ್ದೆ, ಅದು ನನ್ನನ್ನೇ ಮುಂದಕ್ಕೆ ತಳ್ಳಿ ಮತ್ತೆ ಅದೇ ಕಥೆ ಶುರುವಾಯ್ತು. ಆರು ತಿಂಗಳಲ್ಲಿ ಎಡಗಡೆ ನೋವು ಮುಕ್ಕಾಲು ಪಾಲು ಹೋಗಿದೆ. ಅದರಲ್ಲಿ ಸೀಟಿನ ಪಾಲೆಷ್ಟು, ಕ್ಲಚ್ ಇಲ್ಲದಿರೋದರ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಬಿಡಿಸಿ ಹೇಳೋಕಾಗಲ್ಲ, ಆದ್ರೆ ಈಗ ರಾತ್ರಿ ಮಗ್ಗಲು ಬದಲಾಯಿಸೋಕೆ ಎಚ್ಚರ ಆಗಲ್ಲ.

ಎಎಂಟಿ ಬಗ್ಗೆ. ಇದು ಯಾವ ಕಂಪನೀದಾದ್ರೂ ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚೂ ಇದೆ, ನಿಮ್ಮ ಕಾಲಿನ ಬದಲು ಮೋಟರು ಒತ್ತತ್ತೆ. ಹಾಗಾಗಿ ಗೇರ್ ಬದಲಾಗೋವಾಗ ತಲೆ ಸ್ವಲ್ಪ ತೂಗತ್ತೆ, ಆಕ್ಸಿಲರೇಟರ್ ಒಂದು ಕ್ಷಣ ಸಡಿಲ ಬಿಟ್ರೆ ನಯ ಆಗತ್ತೆ. ಏರಿನಲ್ಲಿ ಸಿಗ್ನಲ್ ಬಿದ್ದಾಗ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸ್ಕೊಳ್ಬೇಡಿ, ಕ್ಲಚ್ ಸವೆಯತ್ತೆ, ಹ್ಯಾಂಡ್‌ಬ್ರೇಕ್ ಹಾಕಿ. ಸಿವಿಟಿ ಅನ್ನೋ ಇನ್ನೊಂದು ಬಗೆಯ ಆಟೋಮ್ಯಾಟಿಕ್ ಇನ್ನೂ ಮೃದು, ಆದ್ರೆ ನಮ್ಮ ಬಜೆಟ್ ದಾಟ್ತಿತ್ತು. ಮೂರು ಸಿಲಿಂಡರಿನ ಎಂಜಿನ್ ಆಗಿರೋದ್ರಿಂದ ನಿಂತಾಗ ನಾಲ್ಕು ಸಿಲಿಂಡರಿನಷ್ಟು ಸದ್ದಡಗಿ ಇರಲ್ಲ, ಅದು ಅದರ ಜಾತಿಗುಣ. ಮೈಲೇಜ್ ಕಂಪನಿ ಲೆಕ್ಕದಲ್ಲಿ ಲೀಟರಿಗೆ 18.8 ಕಿಮೀ, ನನಗೆ ಈ ಟ್ರಾಫಿಕ್ಕಲ್ಲಿ 12ರ ಆಸುಪಾಸು, ಹೆದ್ದಾರೀಲಿ 17. ಈ ರಸ್ತೇಲಿ ಯಾವ ಪೆಟ್ರೋಲ್ ಕಾರಾದ್ರೂ ಹೀಗೇ ಕುಡಿಯತ್ತೆ. ಎಲೆಕ್ಟ್ರಿಕ್ ತಗೊಳ್ಳೋ ಆಸೆ ಇತ್ತು, ಬಾಡಿಗೆ ಮನೆ, ಓನರ್ ಚಾರ್ಜಿಂಗ್ ಪಾಯಿಂಟ್ ಹಾಕ್ಸೋಕೆ ಒಪ್ಲಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. ನಾಲ್ಕು ಮೀಟರ್ ಒಳಗಿರೋ ಸಣ್ಣ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ಕ್ಕೆ ಇಳೀತು, ನಾವು ಅದಕ್ಕೇ ಕಾದು ದೀಪಾವಳಿ ಹೊತ್ತಿಗೆ ತಗೊಂಡ್ವಿ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸೇ 14%, ಮೇಲೆ ಸೆಸ್ಸು ಬೇರೆ, ಎಕ್ಸ್‌ಶೋರೂಮ್ ಬೆಲೆ ನೋಡಿ ಬಜೆಟ್ ಹಾಕ್ಬೇಡಿ. ಇನ್ಶೂರೆನ್ಸ್ ಶೋರೂಮಲ್ಲೇ ಮಾಡಿಸ್ಬೇಕು ಅಂತ ಕಡ್ಡಾಯ ಇಲ್ಲ, ಹೊರಗಿನ ಕೊಟೇಶನ್ ತೋರಿಸಿದ್ರೆ ಅವರೂ ಇಳಿಸ್ತಾರೆ.

ಕೊನೇದಾಗಿ ಸೀಟ್ ಕವರು. ಡೆಲಿವರಿ ಆದ ವಾರದಲ್ಲೇ ನಮ್ಮ ಭಾವ ಜೆಸಿ ರೋಡಿಗೆ ಕರ್ಕೊಂಡು ಹೋದ್ರು, ಅಂಗಡಿಯೋನು ಎಂಟು ಸಾವಿರಕ್ಕೆ ದಪ್ಪ ಫೋಮ್ ಇರೋ ಲೆದರೆಟ್ (ನಕಲಿ ಚರ್ಮದ) ಕವರು ತೋರಿಸ್ದ. ನಾನು ಹಾಕಿಸ್ಲಿಲ್ಲ. ಅಷ್ಟು ಅಳೆದು ಸುರಿದು ತಗೊಂಡ ಸೀಟಿನ ಮೇಲೆ ಒಂದಿಂಚು ಫೋಮ್ ಕೂತ್ರೆ ಅಳತೆ ಎಲ್ಲ ಬದಲಾಗತ್ತೆ, ಮಂಡಿ ಹಿಂದಿನ ಆ ಎರಡು ಬೆರಳು ಹೋಯ್ತು ಅಂತಾನೇ. ಏಪ್ರಿಲಲ್ಲಿ ಬೆಳ್ಳಂದೂರಿನ ಓಪನ್ ಪಾರ್ಕಿಂಗಲ್ಲಿ ನಿಂತ ಕಾರಿನ ಲೆದರೆಟ್ ಮೇಲೆ ಕೂತು ನೋಡಿ, ಬೆನ್ನು ಒದ್ದೆ ಆಗತ್ತೆ, ಸೀರೆ ಉಟ್ಟಿದ್ರೆ ಬ್ರೇಕ್ ಹಾಕಿದಾಗೆಲ್ಲ ಮುಂದಕ್ಕೆ ಜಾರತ್ತೆ. ಬಟ್ಟೆ ಸೀಟೇ ಒಳ್ಳೇದು. ಹಾಕಿಸ್ಲೇಬೇಕು ಅಂದ್ರೆ, ಸೈಡ್ ಏರ್‌ಬ್ಯಾಗ್ ಇರೋ ಕಾರಾದ್ರೆ ಮೊದಲು ಸೀಟಿನ ಪಕ್ಕ ನೋಡಿ, ಏರ್‌ಬ್ಯಾಗ್ ಅಂತ ಚಿಕ್ಕ ಟ್ಯಾಗ್ ಹೊಲಿದಿರ್ತಾರೆ, ಬ್ಯಾಗ್ ಹರ್ಕೊಂಡು ಹೊರಗೆ ಬರೋದು ಆ ಹೊಲಿಗೆಯಿಂದ. ಮಾಮೂಲಿ ಕವರ್ ಅದನ್ನ ಬಿಗಿಯಾಗಿ ಸುತ್ತಿಬಿಟ್ರೆ ಬ್ಯಾಗು ಹೊರಗೆ ಬರೋದೇ ಅನುಮಾನ. ಅದಕ್ಕೆ ಅಂತಲೇ ಆ ಜಾಗ ಬಿಟ್ಟು ಹೊಲಿದಿರೋ ಕವರ್ ಬರತ್ತೆ, ಕೇಳಿ ಹಾಕಿಸಿ.

ನಮ್ಮ ಸೀಟಿಗೆ ಅಮ್ಮನ ಹಳೇ ಹತ್ತಿ ಸೀರೆ ಮಡಿಸಿ ಹಾಸಿದೀವಿ, ಹಿಂದಿನ ಸೀಟಿಗೆ ಮಾತ್ರ. ಹೋದ ತಿಂಗಳು ನಂಜನಗೂಡಿಗೆ ಹೋಗಿ ಬಂದ್ವಿ, ದಾರೀಲಿ ಎರಡು ಕಡೆ ನಿಲ್ಲಿಸಿದ್ವಿ, ಎರಡು ಕಡೇನೂ ಅಮ್ಮ ನಾನು ಬಾಗಿಲು ತೆಗೆಯೋಕೆ ಬರೋಷ್ಟರಲ್ಲಿ ಇಳಿದು ನಿಂತಿದ್ರು.