ನಾಲ್ಕು ವರ್ಷದ ಚಂದಾ, ಒಂದೇ ಒಂದು ಸಂದರ್ಶನ

ನಾಲ್ಕು ವರ್ಷ ಚಂದಾ ಕಟ್ಟಿದ ಒಂದು ಇಮೇಲ್ ಸುದ್ದಿಪತ್ರದ ಬಗ್ಗೆ ಬರೆಯುತ್ತಿದ್ದೇನೆ, ಹೆಸರು ಹೇಳುವುದಿಲ್ಲ. ಬೈಯುವುದು ಬಹಳ ಇದೆ, ಅದರ ಸಂಪಾದಕರ ಜೊತೆ ಮುಲಾಜೂ ಇದೆ. ಮುಲಾಜು ಹೇಗೆ ಹುಟ್ಟಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಗ್ಲೋಬಲ್ ಹೆಲ್ತ್ ಕ್ಷೇತ್ರದಲ್ಲಿ ಇರುವವರಿಗೆ, ಬರಬೇಕೆಂದಿರುವವರಿಗೆ ವಾರಕ್ಕೆ ಐದು ದಿನ ಇಮೇಲ್ ಕಳಿಸುವ ಸೇವೆ ಇದು. ಮೇಲೆ ಸುದ್ದಿ, ನಡುವೆ ಕೆಲಸ, ಫೆಲೋಶಿಪ್, ಕನ್ಸಲ್ಟೆನ್ಸಿಗಳ ಉದ್ದನೆಯ ಪಟ್ಟಿ, ತೀರಾ ಕೆಳಗೆ ಇವತ್ತು ಯಾವ ರೋಗ ಎಲ್ಲಿ ಕಾಣಿಸಿದೆ ಅನ್ನುವ ಎಂಟು-ಹತ್ತು ಸಾಲು. ಇಂಥವು ಮೂರ್ನಾಲ್ಕಿವೆ, ಬಳಸಿದವರಿಗೆ ಯಾವುದೆಂದು ಅಂದಾಜಾಗಬಹುದು, ಆಗದಿದ್ದರೂ ನಷ್ಟವಿಲ್ಲ.

ವರ್ಷಕ್ಕೆ 99 ಡಾಲರ್. ಬ್ಯಾಂಕಿನ ಫಾರೆಕ್ಸ್ ಮಾರ್ಕಪ್ಪು, ಅದರ ಮೇಲಿನ ಜಿಎಸ್‌ಟಿ ಎಲ್ಲ ಸೇರಿ 2025ರ ಫೆಬ್ರವರಿಯಲ್ಲಿ ನನ್ನ ಕಾರ್ಡಿನಿಂದ ಹೋಗಿದ್ದು ಒಂಬತ್ತು ಸಾವಿರಕ್ಕೆ ಮೂವತ್ತು ರೂಪಾಯಿ ಕಮ್ಮಿ. ಎನ್‌ಜಿಒ ಸಂಬಳದವನಿಗೆ ಇದು ಸಣ್ಣ ಮೊತ್ತ ಅಲ್ಲ. ಜೊತೆಗೆ, 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಆಟೊ-ಡೆಬಿಟ್ ನಿಯಮ ಜಾರಿಯಾದ ಮೇಲೆ ಈ ವಿದೇಶಿ ಸೈಟು ತಾನಾಗಿ ದುಡ್ಡು ಎಳೆಯಲು ಹೋಗುವುದು, ಫೇಲ್ ಆಗುವುದು, 'ನಿಮ್ಮ ಚಂದಾ ಅಪಾಯದಲ್ಲಿದೆ' ಅಂತ ಮೇಲ್ ಬರುವುದು, ನಾನು ಕೂತು ಕೈಯಾರೆ ಕಟ್ಟುವುದು. ಪ್ರತಿ ವರ್ಷ ಇದೇ ಕಥೆ.

ನಾನು ಬೆಂಗಳೂರಿನ ಒಂದು ಸಂಸ್ಥೆಯ ಕ್ಷಯರೋಗ ಯೋಜನೆಯಲ್ಲಿ ಎಂ ಅಂಡ್ ಇ (ಮಾನಿಟರಿಂಗ್ ಅಂಡ್ ಇವ್ಯಾಲ್ಯುಯೇಷನ್) ಆಫೀಸರ್. ಜಿಲ್ಲೆಗಳಿಂದ ಬರುವ ಎಕ್ಸೆಲ್ ಹಾಳೆಗಳಲ್ಲಿ ತಾಳೆಯಾಗದ ಅಂಕಿಗಳನ್ನು ತಾಳೆ ಮಾಡಿಸುವ ಕೆಲಸಕ್ಕೆ ಇಂಗ್ಲಿಷಿನವರು ಇಟ್ಟಿರುವ ಹೆಸರು ಅದು. 2022ರ ಫೆಬ್ರವರಿಯಲ್ಲಿ ಈ ಮೇಲ್‌ಗೆ ಚಂದಾ ಕಟ್ಟಿದ್ದು ಒಂದೇ ಆಸೆಯಿಂದ: ಹೊರಗೆ ಎಲ್ಲಾದರೂ ಒಂದು ಕೆಲಸ. ಆಸೆಗೆ ಆಧಾರ ಇರಲಿಲ್ಲ ಅಂತಲ್ಲ. ನಾನು ತರಬೇತಿಗೆ ಹೋಗಿದ್ದ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಆಗ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಇಲ್ಲಿನ ಕ್ಷಯ ಕಾರ್ಯಕ್ರಮದಲ್ಲಿ ದುಡಿದ ಡೆನ್ಮಾರ್ಕಿನ ಡಾ. ಹಾಫ್ಡನ್ ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ಆ ಸಂಸ್ಥೆಗೇ ಮಹಾನಿರ್ದೇಶಕರಾದರು. ಬೆಂಗಳೂರಿನಿಂದ ಆ ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾಕ್ಕೆ ದಾರಿ ಇದೆ ಅಂದುಕೊಂಡೆ. ಮಾಹ್ಲರ್ ಆ ಕಡೆಯಿಂದಲೇ ಬಂದವರು ಅನ್ನುವುದು ಆಗ ಹೊಳೆಯಲಿಲ್ಲ.

ಈಗ ಬೈಗುಳ.

ಸೇರಿದ ಎರಡನೇ ತಿಂಗಳಲ್ಲಿ ಮಲಾವಿಯ ಲಿಲಾಂಗ್ವೆಯಲ್ಲಿ ಒಂದು ಹುದ್ದೆ ಪಟ್ಟಿಯಲ್ಲಿ ಬಂತು. ಕ್ಷಯ, ದತ್ತಾಂಶ, ಐದು ವರ್ಷದ ಅನುಭವ. ನನ್ನ ಜಾತಕ ನೋಡಿಯೇ ಬರೆದ ಹಾಗಿತ್ತು. ಇಡೀ ಶನಿವಾರ ಕೂತು ಕವರ್ ಲೆಟರ್ ಬರೆದೆ. ಭಾನುವಾರ ಬೆಳಿಗ್ಗೆ ಮೂಲ ಜಾಹೀರಾತಿನ ಪಿಡಿಎಫ್ ಇಳಿಸಿ ನೋಡಿದರೆ ತಲೆಬರಹದ ಪಕ್ಕದಲ್ಲೇ 'ಎನ್‌ಒ-ಬಿ' ಅಂತಿದೆ, ಕೊನೆಯ ಪುಟದಲ್ಲಿ 'ಮಲಾವಿಯ ಪ್ರಜೆಗಳಿಗೆ ಮಾತ್ರ' ಅಂತಿದೆ. ಎನ್‌ಒ ಅಂದರೆ ನ್ಯಾಷನಲ್ ಆಫೀಸರ್. ವಿಶ್ವಸಂಸ್ಥೆಯ ಯಾವ ಅಂಗದಲ್ಲಾದರೂ ಸರಿ, ಕೆಲಸ ಯಾವ ದೇಶದಲ್ಲೋ ಆ ದೇಶದವರೇ ಬೇಕು. ಹೊರಗಿನವರು ಹಾಕಬಹುದಾದದ್ದು 'ಪಿ', ಅಂದರೆ ಪ್ರೊಫೆಷನಲ್ ದರ್ಜೆಯ ಹುದ್ದೆಗಳಿಗೆ. ಇದು ಈ ಕ್ಷೇತ್ರದ ಅ ಆ ಇ ಈ. ಆದರೆ ನಮ್ಮ ಮೇಲ್‌ನವರು ಪಟ್ಟಿ ಚೊಕ್ಕಟವಾಗಿ ಕಾಣಲಿ ಅಂತ ಹುದ್ದೆಯ ಹೆಸರಿನಿಂದ ಆ ದರ್ಜೆಯನ್ನೇ ಕಿತ್ತು ಹಾಕುತ್ತಾರೆ! ಅಕ್ಕಿ ಕೇರಿ ಅಕ್ಕಿಯನ್ನು ಚೆಲ್ಲಿ ಕಲ್ಲು ಇಟ್ಟುಕೊಂಡ ಹಾಗೆ.

ಫಿಲ್ಟರ್ ಇದೆ: ದೇಶ, ವಿಷಯ, ಅನುಭವ. ಪೌರತ್ವಕ್ಕೆ ಇಲ್ಲ, ಭಾಷೆಗೆ ಇಲ್ಲ. ಆಫ್ರಿಕಾದ ಡಕಾರ್, ಬಮಾಕೊ, ಕಿನ್ಶಾಸಾ ಎಲ್ಲ ನನ್ನ ಪಟ್ಟಿಗೆ ಬಂದು ಬೀಳುತ್ತವೆ. ಫ್ರೆಂಚ್ ಕಡ್ಡಾಯ ಅನ್ನುವುದು ಒಳಗೆ ಹೋದ ಮೇಲೆ ಗೊತ್ತಾಗುತ್ತದೆ. ಜೆಪಿಒ, ಅಂದರೆ ಜೂನಿಯರ್ ಪ್ರೊಫೆಷನಲ್ ಆಫೀಸರ್ ಹುದ್ದೆಗಳು ಬರುತ್ತವೆ. ಅದಕ್ಕೆ ದುಡ್ಡು ಕೊಡುವುದು ಶ್ರೀಮಂತ ದೇಶಗಳ ಸರ್ಕಾರಗಳು, ಬಹುಪಾಲು ತಮ್ಮ ತಮ್ಮ ಹುಡುಗರಿಗೇ. ಮೂರು ಸಲ ಬರೆದು ದೂರಿದೆ. ಮೂರು ಸಲವೂ 'ಒಳ್ಳೆಯ ಸಲಹೆ, ತಾಂತ್ರಿಕ ತಂಡಕ್ಕೆ ತಲುಪಿಸಿದ್ದೇವೆ' ಅಂತ ಉತ್ತರ. ಆ ತಾಂತ್ರಿಕ ತಂಡ ಎಲ್ಲಿ ಕೂತಿದೆಯೋ, ಇವತ್ತಿಗೂ ತಲುಪಿಲ್ಲ.

ಕೊನೆಗೆ ನನ್ನದೇ ಪದ್ಧತಿ ಮಾಡಿಕೊಂಡೆ. ಪಟ್ಟಿಯಲ್ಲಿ ಹೆಸರು ನೋಡುವುದು, ಆ ಕೊಂಡಿ ಒತ್ತದೆ ನೇರ ಆ ಸಂಸ್ಥೆಯ ಕೆರಿಯರ್ ಪುಟಕ್ಕೆ ಹೋಗುವುದು, ಮೊದಲು ದರ್ಜೆ, ಆಮೇಲೆ ಭಾಷೆ, ಆಮೇಲೆ ಉಳಿದದ್ದು. ಹೀಗೆ ಸೋಸಿದರೆ ತಿಂಗಳಿಗೆ ಎರಡೋ ಮೂರೋ ನನಗೆ ದಕ್ಕುವಂಥವು. ಅಷ್ಟಕ್ಕೆ ರಿಲೀಫ್‌ವೆಬ್ ಸಾಕು. 1996ರಲ್ಲಿ ಶುರುವಾದ, ಈಗ ವಿಶ್ವಸಂಸ್ಥೆಯ ಒಚಾ (ಮಾನವೀಯ ನೆರವಿನ ಸಮನ್ವಯ ಕಚೇರಿ) ನಡೆಸುತ್ತಿರುವ ತಾಣ, ಪುಕ್ಕಟೆ, ಕೆಲಸದ ಜಾಹೀರಾತುಗಳೂ ಅಲ್ಲಿವೆ. ಈಗಷ್ಟೇ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿದವರು ಅಲ್ಲಿಂದ ಶುರು ಮಾಡಿ. ಇನ್ನೊಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯಾಗಲಿ ವಿಶ್ವಸಂಸ್ಥೆಯ ಬೇರೆ ಯಾವುದೇ ಅಂಗವಾಗಲಿ ನೇಮಕಾತಿಗೆ ಒಂದು ಪೈಸೆ ಶುಲ್ಕ ಕೇಳುವುದಿಲ್ಲ. ವಾಟ್ಸಾಪ್‌ನಲ್ಲಿ ಲೋಗೋ ಸಮೇತ ಆಫರ್ ಲೆಟರ್ ಕಳಿಸಿ 'ಪ್ರೋಸೆಸಿಂಗ್ ಫೀ' ಅಂದರೆ ಅಲ್ಲಿಗೇ ಬ್ಲಾಕ್ ಮಾಡಿ.

ಇಷ್ಟಾದ ಮೇಲೂ ನಾಲ್ಕು ಸಲ ಯಾಕೆ ದುಡ್ಡು ಕಟ್ಟಿದೆ?

ಮೇಲ್ ಹೊರಡುವುದು ಜಿನೀವಾದ ಬೆಳಿಗ್ಗೆ ಏಳಕ್ಕೆ. ನಮ್ಮಲ್ಲಿ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಯುರೋಪಿನವರು ಗಡಿಯಾರ ತಿರುಗಿಸಿದರೆ ಇಲ್ಲಿ ನನ್ನ ಕಾಫಿ ಹೊತ್ತು ತಿರುಗುತ್ತದೆ. ಆಫೀಸಿನ ಕೆಳಗಿನ ಬೇಕರಿಯಲ್ಲಿ ಅಕೌಂಟೆಂಟ್ ಸಾರ್ ಮತ್ತು ನಾನು ಬೈ-ಟು ಹೇಳುತ್ತೇವೆ. ಲೋಟ ಕಟ್ಟೆಯ ಮೇಲೆ, ಫೋನು ಎಡಗೈಯಲ್ಲಿ. ಅವರು ದಿನಾ ಕೇಳುವುದು ಒಂದೇ: "ಏನ್ ಸಾರ್, ಇವತ್ ಯಾವ್ ದೇಶಕ್ಕೆ?" ನಾನು ಕೆಲಸದ ಪಟ್ಟಿಯನ್ನು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ದಾಟಿಸಿ ನೇರ ಕೆಳಗಿನ ಆ ಎಂಟು ಸಾಲಿಗೆ ಹೋಗುತ್ತೇನೆ. ಯಾರು ಬರೆಯುತ್ತಾರೋ, ಬರೆಯುವ ಕೈ ಚೆನ್ನಾಗಿದೆ. ಹೆದರಿಸುವುದಿಲ್ಲ, ವಿಶೇಷಣ ಬಳಸುವುದಿಲ್ಲ. 2024ರ ಸೆಪ್ಟೆಂಬರ್ 27ರಂದು ರುವಾಂಡಾ ತನ್ನಲ್ಲಿ ಮಾರ್ಬರ್ಗ್ ಎಂಬ ವೈರಸ್ ಜ್ವರ ಕಾಣಿಸಿಕೊಂಡಿದೆ ಎಂದು ಘೋಷಿಸಿದ ಮೇಲೆ ಮೂರು ತಿಂಗಳು ಅದನ್ನು ಬಿಡದೆ ಹಿಂಬಾಲಿಸಿದರು. ಸೋಂಕು ತಗುಲಿದವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿಯೇ ಎಂಬುದನ್ನು ಮೊದಲ ವಾರವೇ ಬರೆದರು. ಡಿಸೆಂಬರ್ 20ಕ್ಕೆ ಮುಗಿಯಿತು ಎಂದು ಘೋಷಣೆಯಾದಾಗ ಒಟ್ಟು 66 ಮಂದಿಗೆ ಬಂದು 15 ಮಂದಿ ತೀರಿಕೊಂಡಿದ್ದರು. ಹಿಂದೆ ಕೆಲವು ಕಡೆ ನೂರಕ್ಕೆ ಎಂಬತ್ತಕ್ಕೂ ಮೇಲೆ ಸಾಯಿಸಿದ ಕಾಯಿಲೆ ಅದು. ಅಷ್ಟರಲ್ಲಿ ಅಕೌಂಟೆಂಟ್ ಸಾರ್ ಪ್ರಶ್ನೆ ರುವಾಂಡಾದ ರಾಜಧಾನಿಯ ಕಡೆ ತಿರುಗಿತ್ತು: "ಕಿಗಾಲಿ ಏನಾಯ್ತು ಸಾರ್?"

ಮುಲಾಜು ಹುಟ್ಟಿದ್ದು ಅದೇ ವರ್ಷದ ಶುರುವಿನಲ್ಲಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಮತ್ತೆ ಎದ್ದಿತ್ತು. ನನ್ನ ಊರು ಸಾಗರದ ಕಡೆ. ಹಿಂದಿನ ರಾತ್ರಿಯಷ್ಟೇ ಅಮ್ಮ ಫೋನಿನಲ್ಲಿ, "ತೋಟದ್ ಮೇಲ್ಗಡೆ ಮಂಗ ಸತ್ತು ಬಿದ್ದಿತ್ತಂತೋ. ಆಶಾದವ್ಳು ಬಂದು ಎಣ್ಣೆ ಕೊಟ್ಟು ಹೋದ್ಳು. ಕೈಕಾಲಿಗೆ ಹಚ್ಕೊಂಡೇ ಸೊಪ್ಪಿಗೆ ಹೋಗ್ಬೇಕಂತೆ" ಅಂದಿದ್ದರು. ಹಳೆಯ ಲಸಿಕೆ ನಿಂತ ಮೇಲೆ ಊರಿನವರ ಕೈಯಲ್ಲಿ ಉಳಿದಿರುವುದು ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಆ ಡೇಪಾ ಎಣ್ಣೆ ಬಾಟಲಿ, ಉದ್ದ ತೋಳಿನ ಅಂಗಿ. ಮಾರನೇ ದಿನ ಬೇಕರಿ ಮುಂದೆ ಮೇಲ್ ತೆರೆದರೆ ಕೆಳಗಿನ ಅಂಕಣದಲ್ಲಿ 'ದಕ್ಷಿಣ ಭಾರತದ ಕ್ಯಾಸನೂರು ನಗರದಲ್ಲಿ ಮಂಗಗಳಿಂದ ಹರಡುವ ಜ್ವರ' ಅಂತಿದೆ.

ಕ್ಯಾಸನೂರು ನಗರ! ಮೈಯೆಲ್ಲ ಉರಿಯಿತು. ಅಲ್ಲೇ ನಿಂತು ಉತ್ತರ ಕುಟ್ಟಿದೆ. ಅದು ನಗರ ಅಲ್ಲ ಸ್ವಾಮಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕಾಡು. 1957ರಲ್ಲಿ ಅಲ್ಲಿ ವೈರಸ್ ಪತ್ತೆಯಾಗಿ ಅದರ ಹೆಸರೇ ಕಾಯಿಲೆಗೆ ಅಂಟಿತು. ಹರಡುವುದು ಉಣುಗು ಕಚ್ಚಿ; ಮಂಗಗಳೂ ನಮ್ಮ ಹಾಗೇ ಅದರಿಂದ ಸಾಯುತ್ತವೆ, ಪಾಪ. ಕಾಫಿ ಆರಿ ಕೆನೆ ಕಟ್ಟಿತ್ತು.

ಮಾರನೇ ದಿನದ ಮೇಲ್‌ನಲ್ಲಿ ತುತ್ತತುದಿಯಲ್ಲಿ, ಸುದ್ದಿಗಿಂತ ಮೊದಲು, ತಿದ್ದುಪಡಿ. ಎರಡೂ ತಪ್ಪುಗಳನ್ನು ಒಪ್ಪಿಕೊಂಡು, 'ಆ ಜಿಲ್ಲೆಯವರೇ ಆದ ಓದುಗರೊಬ್ಬರು ತಿಳಿಸಿದಂತೆ' ಎಂದು ಬರೆದಿದ್ದರು. ಸಂಜೆ ಸಂಪಾದಕರದೇ ಪ್ರತ್ಯೇಕ ಪತ್ರ: 'ಕ್ಯಾಸನೂರು' ಅನ್ನುವುದನ್ನು ಹೇಗೆ ಉಚ್ಚರಿಸಬೇಕು? ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ, ನಾಲ್ಕು ಸಲ, ನಿಧಾನವಾಗಿ. ಅಲ್ಲಿಂದ ಈಚೆಗೆ ಕರ್ನಾಟಕದ ಸುದ್ದಿ ಏನಾದರೂ ಇದ್ದರೆ ಒಂದು ಸಾಲು ಬರೆದು ಕೇಳುತ್ತಾರೆ. ದುಡ್ಡೇನೂ ಕೊಡುವುದಿಲ್ಲ, ನಾನೂ ಕೇಳಿಲ್ಲ. ಫಿಲ್ಟರ್ ಸರಿಮಾಡಲಾಗದವರು ಒಂದು ಕಾಡಿನ ಹೆಸರನ್ನು ಸರಿಯಾಗಿ ಹೇಳಲು ಅಷ್ಟು ಒದ್ದಾಡಿದರಲ್ಲ, ಅದಕ್ಕೆ ಏನನ್ನುವುದೋ ಗೊತ್ತಾಗಲಿಲ್ಲ.

2025ರ ಜನವರಿ 20ಕ್ಕೆ ಅಮೆರಿಕದ ವಿದೇಶಿ ನೆರವಿಗೆ 90 ದಿನದ ತಡೆ ಬಿತ್ತು. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ಆದೇಶಕ್ಕೂ ಸಹಿಯಾಯಿತು. ನಮ್ಮ ಯೋಜನೆಗೆ ಬೇರೆ ಕಡೆಯ ದುಡ್ಡು, ಉಳಿದುಕೊಂಡೆವು. ಪಕ್ಕದ ಕಟ್ಟಡದಲ್ಲಿ ಕೂರುತ್ತಿದ್ದ ಇನ್ನೊಂದು ತಂಡದವರು ಒಂದು ಸೋಮವಾರ ಲ್ಯಾಪ್‌ಟಾಪ್ ವಾಪಸ್ ಕೊಟ್ಟು, ಗಿಡದ ಕುಂಡಗಳನ್ನು ನಮ್ಮ ಮೆಟ್ಟಿಲ ಮೇಲಿಟ್ಟು ಹೋದರು. ಈ ಮೇಲ್‌ನವರು ಆಗ ಎರಡು ಥರ ನಡೆದುಕೊಂಡರು. ಸುದ್ದಿ ಭಾಗ ಅಪ್ಪಟವಾಗಿತ್ತು: ಯಾವ ದೇಶದಲ್ಲಿ ಯಾವ ಔಷಧ ಗೋದಾಮಿನಲ್ಲೇ ಸಿಕ್ಕಿಕೊಂಡಿದೆ, ಯಾವ ಸಮೀಕ್ಷೆ ನಿಂತಿದೆ, ದಿನ ದಿನವೂ. ಕೆಲಸದ ಪಟ್ಟಿ ಮಾತ್ರ ಹೆಣ ಹೊತ್ತುಕೊಂಡು ಓಡಾಡುತ್ತಿತ್ತು. ದುಡ್ಡೇ ನಿಂತ ಯೋಜನೆಗಳ ಹುದ್ದೆಗಳು 'ಹೊಸತು' ಎಂಬ ಹಸಿರು ಚೀಟಿ ಹೊತ್ತು ವಾರಗಟ್ಟಲೆ ಬಂದವು. ಒಂದಕ್ಕೆ ನಾನೂ ಹಾಕಿದೆ. ಕಡೇ ಗಳಿಗೆ ಜಿನೀವಾ ಸಮಯ ರಾತ್ರಿ 11:59, ಅಂದರೆ ನಮ್ಮ ಬೆಳಗಿನ ಜಾವ ನಾಲ್ಕೂವರೆ, ನಿದ್ದೆಗೆಟ್ಟು ಕಳಿಸಿದೆ. ಐದು ನಿಮಿಷಕ್ಕೆ ಯಂತ್ರದ ಉತ್ತರ: ಈ ಕಚೇರಿ ಕಾರ್ಯ ನಿಲ್ಲಿಸಿದೆ.

ಫೆಬ್ರವರಿ ನಡುವಿನಲ್ಲಿ ಅವರಿಗೂ ಅರ್ಥವಾಯಿತೇನೋ. ಕೆಲಸದ ಭಾಗವನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟರು. (ನಾನು ಪೂರ್ತಿ ದುಡ್ಡು ಕಟ್ಟಿ ಆಗ ಸರಿಯಾಗಿ ಹನ್ನೊಂದು ದಿನ. ವಾಪಸ್ ಕೊಡಲಿಲ್ಲ.) ಜೊತೆಗೆ ಹೊಸದೊಂದು ಅಂಕಣ ತೆರೆದರು. ಹುದ್ದೆಗಳ ಬದಲು ಜನ. ಕೆಲಸ ಕಳೆದುಕೊಂಡವರು ತಮ್ಮ ಬಗ್ಗೆ ಒಂದೊಂದು ಸಾಲು: ಮಲೇರಿಯಾ, ಹದಿನಾಲ್ಕು ವರ್ಷ, ನೈರೋಬಿ. ಔಷಧ ಸರಬರಾಜು, ಒಂಬತ್ತು ವರ್ಷ, ಲುಸಾಕಾ. ತಾಯಂದಿರ ಆರೋಗ್ಯ, ಇಪ್ಪತ್ತೆರಡು ವರ್ಷ, ಎಲ್ಲಿಗಾದರೂ ಬರುತ್ತೇನೆ. ಆ ಕೊನೆಯದನ್ನು ಅಕೌಂಟೆಂಟ್ ಸಾರ್‌ಗೆ ಓದಿ ಹೇಳಿದೆ. ಅವತ್ತು ಅವರು ಏನೂ ಕೇಳಲಿಲ್ಲ; ಕಾಫಿ ದುಡ್ಡು ಮಾತ್ರ ಅವರೇ ಕೊಟ್ಟರು.

ಜುಲೈ 1ಕ್ಕೆ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ನೆರವು ಕೊಡುವುದನ್ನು ಅಧಿಕೃತವಾಗಿ ನಿಲ್ಲಿಸಿತು. ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2026–27ರ ಬಜೆಟ್ಟನ್ನು ಮೊದಲು ಯೋಚಿಸಿದ್ದ 530 ಕೋಟಿ ಡಾಲರ್‌ನಿಂದ 420 ಕೋಟಿಗೆ ಇಳಿಸಿಕೊಂಡಿತ್ತು. ಪಟ್ಟಿಯನ್ನು ದಾಟಲು ಮೊದಲು ನಾಲ್ಕೈದು ಸಲ ಹೆಬ್ಬೆರಳು ಉಜ್ಜಬೇಕಿತ್ತು. ಈಗ ಒಂದು ಸಲ ಉಜ್ಜಿದರೆ ಮುಗಿಯಿತು.

ನಾಲ್ಕು ವರ್ಷದಲ್ಲಿ ಬಂದ ಸಂದರ್ಶನ ಒಂದು, ಕಾಠ್ಮಂಡುವಿನ ಮೂರು ತಿಂಗಳ ಕನ್ಸಲ್ಟೆನ್ಸಿಗೆ. ಟೀಮ್ಸ್‌ನಲ್ಲಿ ಇಪ್ಪತ್ತು ನಿಮಿಷ, ಅದರಲ್ಲಿ ಆರು ನಿಮಿಷ ನನ್ನ ಕಡೆ ಕರೆಂಟಿಲ್ಲ. ಸಿಗಲಿಲ್ಲ.

ಕೆಲಸ ಹುಡುಕಲೆಂದೇ ತೆಗೆದುಕೊಳ್ಳುವವರಿಗೆ ಐದಕ್ಕೆ ಎರಡು ಸ್ಟಾರ್, ಅದೂ ಆ ಭಾಗ ಈಗ ಪುಕ್ಕಟೆ ಇರುವುದರಿಂದ. ಸುದ್ದಿಗೆ ನಾಲ್ಕೂವರೆ. ಮುಂದಿನ ಫೆಬ್ರವರಿಗೆ ಕಟ್ಟುತ್ತೇನಾ ಎಂದರೆ, ಪೂರ್ತಿ ವರ್ಷದ ಬದಲು ತಿಂಗಳ ಲೆಕ್ಕದ್ದು ಇದೆಯಾ ಅಂತ ಕೇಳಿ ಬರೆದಿದ್ದೇನೆ. ತಾಂತ್ರಿಕ ತಂಡಕ್ಕೆ ತಲುಪಿಸಿದ್ದಾರಂತೆ. ಅಕ್ಟೋಬರ್‌ನ ಕೊನೆಯ ಭಾನುವಾರ ಕಳೆದು ಮೇಲ್ ಹನ್ನೊಂದೂವರೆಗೆ ಬರುತ್ತಿದೆ. ನಿನ್ನೆ ಹತ್ತೂವರೆಗೇ ಕೆಳಗಿಳಿಯೋಣ ಬನ್ನಿ ಅಂದೆ. "ತಡೀರಿ ಸಾರ್, ಇನ್ನೂ ಬಂದಿಲ್ವಲ್ಲ" ಅಂದರು ಅಕೌಂಟೆಂಟ್ ಸಾರ್.