ಲಿಂಬೆಗೆ ಜಿಂಕ್: ಸುಣ್ಣ ಬೆರೆಸಿದ ಸಲ್ಫೇಟೋ, ಚೀಲೇಟೋ, ಬುಡಕ್ಕೆ ಸುರಿಯುವುದೋ?

ಇಂಡಿ, ಸಿಂದಗಿ ಕಡೆಯ ಸುಣ್ಣ ಹೆಚ್ಚಿರುವ ಭೂಮಿಯಲ್ಲಿ ಕಾಗ್ಜಿ ಲಿಂಬೆಗೆ ಜಿಂಕ್ ಕೊಡುವುದಾದರೆ, ಜಿಂಕ್ ಸಲ್ಫೇಟಿಗೆ ಸುಣ್ಣ ಬೆರೆಸಿ ಎಲೆಗೆ ಹೊಡೆಯುವುದೇ ಮೇಲು. ಚೀಲೇಟ್ ಪೊಟ್ಟಣಕ್ಕೂ (ಜಿಂಕ್ ಬೇಗ ಕಟ್ಟಿಹೋಗದಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟ ಪುಡಿ) ಅದರದ್ದೇ ಜಾಗ ಇದೆ. ಬುಡಕ್ಕೆ ಸುರಿಯುವುದು ಮಾತ್ರ ದುಡ್ಡು ಹೂತಿಟ್ಟ ಹಾಗೆ.

ಮೊದಲು ಎಲೆ ನೋಡಿ. ಬರೀ "ಎಲೆ ಹಳದಿ ಆಗಿದೆ" ಎಂದರೆ ಅಂಗಡಿಯಿಂದ ಯೂರಿಯಾನೋ ಟಾನಿಕ್ಕೋ ಬರುತ್ತದೆ. ಚಿಗುರೆಲೆ ಚಿಕ್ಕದಾಗಿ, ಮೊನಚಾಗಿ, ನರಗಳ ನಡುವೆ ಮಾತ್ರ ಹಳದಿ ಪಟ್ಟೆ ಇದ್ದರೆ ಜಿಂಕ್ ಕೊರತೆ. ಎಲೆಯ ಅಳತೆ ಸರಿಯಿದ್ದು, ಹಳದಿ ಮೈಮೇಲೆ ಹಸಿರು ನರಗಳ ಬಲೆ ಕಂಡರೆ ಕಬ್ಬಿಣದ್ದು. ಹಳೇ ಎಲೆಯ ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿದರೆ ಮೆಗ್ನೀಷಿಯಂ. ಎಲೆಯ ಎಡಬಲ ಹಳದಿ ಒಂದಕ್ಕೊಂದು ಹೊಂದದಿದ್ದರೆ ಗ್ರೀನಿಂಗ್ ರೋಗದ ಅನುಮಾನ ಇರಲಿ; ಅದಕ್ಕೆ ಯಾವ ಜಿಂಕೂ ಮದ್ದಲ್ಲ.

16 ಲೀಟರ್ ಕ್ಯಾನಿಗೆ 21% ಜಿಂಕ್ ಇರುವ ಸಲ್ಫೇಟ್ 80 ಗ್ರಾಂ, ಸುಣ್ಣ 40 ಗ್ರಾಂ. ಚೀಲದ ಮೇಲೆ 33% ಎಂದಿದ್ದರೆ ಸಲ್ಫೇಟ್ 50 ಗ್ರಾಂ ಸಾಕು. ಇದನ್ನು ಓದದೆ 80 ಹಾಕಿದವರೇ ಚಿಗುರು ಸುಟ್ಟುಕೊಳ್ಳುವುದು.

ತಲೆನೋವು ಇರುವುದು ಸುಣ್ಣದಲ್ಲಿ. ಸಲ್ಫೇಟಿನ ಹುಳಿ ಮುರಿಯಲಿ ಎಂದು ಸುಣ್ಣ ಹಾಕುತ್ತೇವೆ, ಅದೇ ಸುಣ್ಣ ನಾಜಲ್ ಕಟ್ಟುತ್ತದೆ. ನಾಲ್ಕು ಗಿಡಕ್ಕೊಮ್ಮೆ ನಿಂತು ಪಿನ್ನಿನಿಂದ ಚುಚ್ಚಿದರೆ ತೂತು ಅಗಲವಾಗಿ, ಮಂಜಿನ ಬದಲು ಹನಿ ಬೀಳುತ್ತದೆ. ಹನಿ ಎಲೆಯ ತುದಿಯಲ್ಲಿ ನಿಂತು ಬಿಳಿ ಕಲೆ ಬಿಡುತ್ತದೆ. ಹಿಂದಿನ ರಾತ್ರಿಯೇ ಸುಟ್ಟ ಸುಣ್ಣ ಅರಳಿಸಿ, ಬೆಳಿಗ್ಗೆ ಸುಣ್ಣದ ಹಾಲನ್ನು ಎರಡು ಮಡಿಕೆ ಹಳೇ ಪಂಚೆಯಲ್ಲಿ ಸೋಸಿ. ಸಲ್ಫೇಟನ್ನು ಬೇರೆ ಬಕೆಟ್‌ನಲ್ಲಿ ಪೂರ್ತಿ ಕರಗಿಸಿ, ಅದಕ್ಕೆ ಸುಣ್ಣದ ಹಾಲನ್ನು ಕದಡುತ್ತ ಸುರಿಯಿರಿ.

ಡಬ್ಬಿ ತೆರೆದಿಟ್ಟ ಹಳೇ ಸುಣ್ಣ ಇನ್ನೂ ಮೋಸ. ಗಾಳಿ ಹೀರಿ ಸೀಮೆಸುಣ್ಣದಂತಾಗಿರುತ್ತದೆ. ಹುಳಿ ಮುರಿಯುವ ಶಕ್ತಿ ಹೋಗಿ ಎಲೆ ಸುಡುತ್ತದೆ, ನಾಜಲ್ಲೂ ಕಟ್ಟುತ್ತದೆ. ಪರೀಕ್ಷೆ ತೋಟದಲ್ಲೇ ಇದೆ: ಚಿಟಿಕೆ ಸುಣ್ಣದ ಮೇಲೆ ಲಿಂಬೆ ಹಿಂಡಿ. ಜೋರಾಗಿ ನೊರೆ ಬಂದರೆ ಎಸೆಯಿರಿ.

ಈ ದ್ರಾವಣಕ್ಕೆ ಕೀಟನಾಶಕ, ರಂಜಕದ ಗೊಬ್ಬರ ಬೆರೆಸಬೇಡಿ. ಸುಣ್ಣ ತಳಕ್ಕೆ ಕೂರುತ್ತದೆ, ಕ್ಯಾನ್ ಅಲ್ಲಾಡಿಸುತ್ತಿರಿ.

ಚೀಲೇಟ್‌ಗೆ ಈ ಯಾವ ರಗಳೆಯೂ ಇಲ್ಲ. ಕತ್ತರಿಸು, ಕರಗಿಸು, ಹೊಡೆ. ಆದರೆ ಲೆಕ್ಕ ನೋಡಿ: 12% ಜಿಂಕ್ ಇಡಿಟಿಎ (ಇದೂ ಒಂದು ಚೀಲೇಟ್) ಲೀಟರಿಗೆ 1 ಗ್ರಾಂನಂತೆ ಹಾಕಿದರೆ ಕ್ಯಾನಿಗೆ ಬೀಳುವ ಜಿಂಕ್ 2 ಗ್ರಾಂಗೂ ಕಡಿಮೆ. ಸಲ್ಫೇಟಿನಲ್ಲಿ ಸುಮಾರು 17 ಗ್ರಾಂ. ಚೀಲೇಟ್ ಎಲೆಗೆ ಚೆನ್ನಾಗಿ ಇಳಿಯುತ್ತದೆ, ನಿಜ. ಕೊರತೆ ಜೋರಿದ್ದಲ್ಲಿ ಮತ್ತೆ ಮತ್ತೆ ಹೊಡೆಯಬೇಕಾಗುತ್ತದೆ, ಜೇಬಿಗೆ ಬೀಳುವ ಕತ್ತರಿ ಅದು. "ಎಲ್ಲಾ ಪೋಷಕಾಂಶ ಇದೆ" ಎನ್ನುವ ಮಿಶ್ರಣ ಕೊಳ್ಳುವಾಗ ಪೊಟ್ಟಣದ ಹಿಂದೆ ಜಿಂಕ್ ಎಷ್ಟು ಶೇಕಡಾ ಎಂದು ಓದಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಿಟ್ರಸ್ ಸ್ಪೆಷಲ್ ಈ ಬೆಳೆಗೆಂದೇ ಮಾಡಿದ್ದು. ಮಿಶ್ರಣವೇ ಬೇಕೆಂದರೆ ಅದು.

ಕಬ್ಬಿಣ ಮಾತ್ರ ಬೇರೆ ಕಥೆ. ಇಂಥ ಮಣ್ಣಿಗೆ ಡ್ರಿಪ್‌ನಲ್ಲಿ ಬಿಡುವುದಾದರೆ ಕಬ್ಬಿಣದ ಇಡಿಟಿಎ ಚೀಲೇಟ್ ನಿಲ್ಲುವುದಿಲ್ಲ, ಕೆಂಪು ಬಣ್ಣದ ಇಡಿಡಿಎಚ್ಎ ಚೀಲೇಟ್ ತರಬೇಕು. ದುಬಾರಿ.

ಬುಡಕ್ಕೆ ಹಾಕಿದ ಜಿಂಕ್ ಸುಣ್ಣದ ಮಣ್ಣಿನಲ್ಲಿ ಸಿಕ್ಕಿಹಾಕಿಕೊಂಡು ಬೇರಿಗೆ ಸಿಗುವುದಿಲ್ಲ. ಹಾಕಲೇಬೇಕೆಂದರೆ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ, ಡಿಎಪಿ ಹಾಕಿದ ದಿನ ಬಿಟ್ಟು.

ನೂರಿನ್ನೂರು ಗಿಡ, ಕೈಪಂಪು, ಮನೆಯಲ್ಲೇ ಆಳು ಇದ್ದರೆ ಸಲ್ಫೇಟ್-ಸುಣ್ಣವೇ. ಐದಾರು ಎಕರೆಗೆ ಕೂಲಿ ಕೊಟ್ಟು ಹೊಡೆಸುವವರಿಗೆ ಸೋಸುವ ತಾಳ್ಮೆ ಸಿಗದು, ಚೀಲೇಟ್ ಕೊಳ್ಳಲಿ. ಯಾವುದಾದರೂ ಸರಿ, ಚಿಗುರೆಲೆ ಮುಕ್ಕಾಲು ಅಗಲ ಬಂದು ಇನ್ನೂ ಮೆತ್ತಗಿರುವಾಗ, ತಂಪು ಹೊತ್ತಿನಲ್ಲಿ ಹೊಡೆಯಿರಿ. ಕೊಯ್ಲಿಗೆ ಬಂದ ಕಾಯಿ ಮೇಲೆ ಸುಣ್ಣ ಬೀಳಿಸಿದರೆ ಮಾರ್ಕೆಟ್‌ನಲ್ಲಿ ದರ ಮುರಿಯುತ್ತಾರೆ.

ಕೆಲಸ ಮುಗಿದ ಮೇಲೆ ಉದುರಿದ ಹಣ್ಣು ನಾಲ್ಕೈದು ಹಿಂಡಿದ ನೀರಲ್ಲಿ ನಾಜಲ್ ಅರ್ಧ ಗಂಟೆ ನೆನೆಹಾಕಿ. ಹೆಪ್ಪುಗಟ್ಟಿದ ಸುಣ್ಣ ತಾನೇ ಬಿಡುತ್ತದೆ, ಪಿನ್ನು ಬೇಕಾಗುವುದಿಲ್ಲ.