ಸೂಪರ್‌ಚಾರ್ಜರ್ ಕಿಟ್‌ನ ಬೈಪಾಸ್ ವಾಲ್ವ್: ಪುಣೆ–ಹುಬ್ಬಳ್ಳಿ ಓಡಾಟದಲ್ಲಿ ಕಂಡಿದ್ದು

ಸೂಪರ್‌ಚಾರ್ಜರ್, ಅಂದರೆ ಎಂಜಿನ್‌ನ ಬೆಲ್ಟ್‌ನಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಬ್ಲೋವರ್, ಹಾಕಿಸಿದ ಕಾರು ಅಂದ ತಕ್ಷಣ ಎಲ್ಲರೂ ಕೇಳುವುದು ಬೂಸ್ಟ್ ಎಷ್ಟು, ಪವರ್ ಎಷ್ಟು ಅಂತ. ಬೇಡದ ಗಾಳಿಯನ್ನು ವಾಪಸ್ ತಿರುಗಿಸುವ ಬೈಪಾಸ್ ವಾಲ್ವ್ ಎಲ್ಲಿ ಕೂರಿಸಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ದಿನಾ ಓಡಿಸುವ ಕಾರಿಗೆ, ನನ್ನ ಮಟ್ಟಿಗೆ, ಅದೇ ದೊಡ್ಡ ಪ್ರಶ್ನೆ.

ನನ್ನದು 1.5 ಲೀಟರ್ ಪೆಟ್ರೋಲ್ ಸೆಡಾನ್. ವಾರವೆಲ್ಲ ಪುಣೆಯಲ್ಲೇ ಕೊಥ್ರೂಡ್‌ನಿಂದ ಹಿಂಜೆವಾಡಿ, ಹಬ್ಬ ಬಂದರೆ ಹುಬ್ಬಳ್ಳಿ. ಬ್ಲೋವರ್ ಈಟನ್ ಎಂ45. ಹಳೆ ಮಿನಿ ಕೂಪರ್ ಎಸ್‌ನಲ್ಲಿ ಬರುತ್ತಿತ್ತಲ್ಲ, ಅದೇ. ಗಾಳಿ ಮೊದಲು ಫಿಲ್ಟರ್, ಆಮೇಲೆ ಬ್ಲೋವರ್, ಗಾಳಿ ತಂಪು ಮಾಡುವ ಇಂಟರ್‌ಕೂಲರ್, ಕೊನೆಗೆ ಪೆಡಲ್ ಒತ್ತಿದಷ್ಟು ತೆರೆಯುವ ಥ್ರಾಟಲ್ ದಾಟಿ ಎಂಜಿನ್‌ಗೆ ಹೋಗುತ್ತದೆ.

ಸಣ್ಣ ಲೆಕ್ಕ ಹಾಕೋಣ. ಈ ಬ್ಲೋವರ್ ಒಂದು ಸುತ್ತಿಗೆ ಸುಮಾರು 0.74 ಲೀಟರ್ ಗಾಳಿ ತಳ್ಳುತ್ತದೆ. ನನ್ನ ಪುಲ್ಲಿಯಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಬ್ಲೋವರ್ ಹತ್ತಿರ ಹತ್ತಿರ 1.4 ಸುತ್ತು. ಅಂದರೆ ಒಂದು ಲೀಟರ್ ಚಿಲ್ಲರೆ. ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಕುಡಿಯುವುದು ಸುತ್ತಿಗೆ ಮುಕ್ಕಾಲು ಲೀಟರ್. ಉಳಿದದ್ದು ಒತ್ತಡವಾಗುತ್ತದೆ, ಅದೇ ನಮ್ಮ ಐದಾರು ಪಿಎಸ್‌ಐ ಬೂಸ್ಟ್. ಸರಿ, ಈಗ ಸಿಗ್ನಲ್ ಬಂತು, ಕಾಲು ತೆಗೆದಿರಿ. ಥ್ರಾಟಲ್ ಮುಚ್ಚಿತು. ಆದರೆ ಬೆಲ್ಟ್ ನಿಲ್ಲುವುದಿಲ್ಲ, ಬ್ಲೋವರ್ ತಳ್ಳುತ್ತಲೇ ಇರುತ್ತದೆ. ಆ ಗಾಳಿಯನ್ನು ಬ್ಲೋವರ್‌ನ ಬಾಯಿಗೇ ವಾಪಸ್ ಬಿಡುವುದು ಬೈಪಾಸ್ ವಾಲ್ವ್‌ನ ಕೆಲಸ.

ಟರ್ಬೊ ಕಾರಿನ ಬ್ಲೋ-ಆಫ್ ವಾಲ್ವ್ ಬೇರೆ, ಇದು ಬೇರೆ. ಅದು ಕಾಲು ತೆಗೆದಾಗ ಒಂದು ಕ್ಷಣ ತೆರೆಯುತ್ತದೆ. ಇದು ಐಡ್ಲಿಂಗ್‌ನಲ್ಲಿ, ಆರಾಮಾಗಿ ಹೋಗುವಾಗ, ಎಲ್ಲ ಹೊತ್ತೂ ತೆರೆದೇ ಇರಬೇಕು. ಪೆಡಲ್ ಜೋರಾಗಿ ಒತ್ತಿದಾಗ ಮಾತ್ರ ಮುಚ್ಚಬೇಕು. ಎಷ್ಟೋ ಗ್ಯಾರೇಜ್‌ಗಳಲ್ಲಿ ನೋಡೋಕೆ ಒಂದೇ ಥರ ಇದೆ ಅಂತ ಟರ್ಬೊದ ಚಿಕ್ಕ ವಾಲ್ವ್ ಹಾಕಿಬಿಡುತ್ತಾರೆ. ಅಷ್ಟು ಗಾಳಿ ಅದರಲ್ಲಿ ಹಿಡಿಸುವುದಿಲ್ಲ.

ನನಗೆ ಕಿಟ್ ಹಾಕಿಕೊಟ್ಟ ಗ್ಯಾರೇಜ್ ವಾಲ್ವನ್ನು ಬ್ಲೋವರ್ ಮತ್ತು ಇಂಟರ್‌ಕೂಲರ್ ನಡುವೆ ಕೂರಿಸಿತ್ತು. ಪೈಪ್ ಗಿಡ್ಡ, ಕೆಲಸ ಸುಲಭ. ಊರೊಳಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಘಾಟ್‌ನಲ್ಲಿ. ಊರಿಂದ ಬರುವಾಗ ತವಂದಿ ಘಾಟ್ ಕೆಳ ಗೇರ್‌ನಲ್ಲಿ ಇಳಿಸಿ, ನಿಪ್ಪಾಣಿ ಹತ್ತಿರ ಲಾರಿ ಓವರ್‌ಟೇಕ್ ಮಾಡೋಣ ಅಂತ ಒತ್ತಿದರೆ ಕಾರು ಮುನಿಸಿಕೊಂಡ ಹಾಗೆ ಸುಮ್ನೆ ಇರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಎಳೆಯುತ್ತಿತ್ತು.

ಕಾರಣ ಸರಳ. ಇಳಿಜಾರಲ್ಲಿ ಥ್ರಾಟಲ್ ಮುಚ್ಚಿದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ. ಅದೇ ಗಾಳಿ ಬ್ಲೋವರ್‌ನಲ್ಲಿ ಮತ್ತೆ ಮತ್ತೆ ಸುತ್ತಿ ಬಿಸಿಯಾಗುತ್ತದೆ, ಇಂಟರ್‌ಕೂಲರ್ ಕಡೆ ಹೋಗುವುದೇ ಇಲ್ಲ. ಪೆಡಲ್ ಒತ್ತಿದಾಗ ಮೊದಲು ಒಳಗೆ ನುಗ್ಗುವುದು ಆ ಬಿಸಿ ಗಾಳಿ. ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ನಾಕಿಂಗ್ (ಬಿಸಿಗೆ ಪೆಟ್ರೋಲ್ ತಾನಾಗೇ ಹೊತ್ತಿಕೊಳ್ಳುವುದು) ಆಗಬಾರದೆಂದು ಕಿಡಿ ಹಾರುವ ಹೊತ್ತನ್ನು, ಅಂದರೆ ಇಗ್ನಿಷನ್ ಟೈಮಿಂಗನ್ನು, ಹಿಂದಕ್ಕೆ ಎಳೆಯುತ್ತದೆ, ಪವರ್ ಹೋಯಿತು. ಇಸಿಯುನ ಮಾಹಿತಿ ತೋರಿಸುವ ಒಬಿಡಿ ಮೀಟರ್‌ನಲ್ಲಿ ಇನ್‌ಟೇಕ್ ಗಾಳಿಯ ಉಷ್ಣತೆ ಏರುವುದು ಕಣ್ಣಿಗೇ ಕಾಣುತ್ತಿತ್ತು.

ಆಮೇಲೆ ಬೇರೆ ಗ್ಯಾರೇಜ್‌ನಲ್ಲಿ ವಾಲ್ವನ್ನು ಇಂಟರ್‌ಕೂಲರ್ ಆದ ಮೇಲೆ, ಥ್ರಾಟಲ್‌ಗೆ ಹತ್ತಿರ ಹಾಕಿಸಿದೆ. ಈಗ ಸುತ್ತುವ ಗಾಳಿ ಪ್ರತಿ ಸಲ ಇಂಟರ್‌ಕೂಲರ್ ದಾಟಿಯೇ ವಾಪಸ್ ಬರಬೇಕು. ಘಾಟ್ ಇಳಿದ ಮೇಲಿನ ಆ ಮುನಿಸು ಹೋಯಿತು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಖಂಡಾಲಾದಿಂದ ಖೋಪೋಲಿ ಕಡೆ ಇಳಿಯುವಾಗಲೂ ಅಷ್ಟೇ, ಕೆಳಗೆ ಬಂದು ಒತ್ತಿದರೆ ತಕ್ಷಣ ಎಳೆಯುತ್ತದೆ.

ಇದಕ್ಕೆ ಬೆಲೆಯೂ ಇದೆ. ವಾಪಸ್ ಪೈಪ್ ಉದ್ದವಾಯಿತು, ಬಾನೆಟ್ ಕೆಳಗೆ ಜಾಗ ಮಾಡಲು ಬ್ಯಾಟರಿ ಸರಿಸಬೇಕಾಯಿತು. ಸುತ್ತುವ ಗಾಳಿಗೆ ಇಂಟರ್‌ಕೂಲರ್‌ನ ಅಡ್ಡಿ ಬೇರೆ. ಹಿಂಜೆವಾಡಿ ಟ್ರಾಫಿಕ್‌ನಲ್ಲಿ ಮಾತ್ರ ಏನೂ ಲಾಭವಿಲ್ಲ. ಕಾರು ನಿಂತಲ್ಲೇ ನಿಂತರೆ ಇಂಟರ್‌ಕೂಲರ್‌ಗೇ ಗಾಳಿ ಇಲ್ಲ, ಅದೂ ಕಾದು ಕೂರುತ್ತದೆ. ಮೇ ತಿಂಗಳಲ್ಲಿ ಕೇಳಲೇಬೇಡಿ.

ವ್ಯಾಕ್ಯೂಮ್ ಪೈಪ್ ಬಗ್ಗೆ ಒಂದು ಮಾತು. ವಾಲ್ವನ್ನು ಎಳೆದು ತೆರೆಯುವುದು ವ್ಯಾಕ್ಯೂಮ್, ಅಂದರೆ ಎಂಜಿನ್‌ನ ಹೀರುವಿಕೆ. ವಾಲ್ವ್‌ನ ಡಯಾಫ್ರಾಮ್‌ಗೆ (ಒಳಗಿನ ತೆಳು ಪೊರೆಗೆ) ಆ ಸಿಗ್ನಲ್ ಬರಬೇಕಾದದ್ದು ಥ್ರಾಟಲ್ ಆಚೆ, ಎಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಿಂದ. ನನ್ನಂಥ ಜೋಡಣೆಯಲ್ಲಿ ಥ್ರಾಟಲ್ ಈಚೆಯಿಂದ ತೆಗೆದರೆ ಅಲ್ಲಿ ವ್ಯಾಕ್ಯೂಮೇ ಸಿಗುವುದಿಲ್ಲ, ವಾಲ್ವ್ ತೆರೆಯುವುದೂ ಇಲ್ಲ. ಪೈಪ್ ಗಿಡ್ಡ ಇರಲಿ, ಅದರಿಂದ ಬೇರೆ ಯಾವುದಕ್ಕೂ ಕವಲು ತೆಗೆಯಬೇಡಿ. ಮೊದಲು ನನ್ನ ಕಾರಿನಲ್ಲಿ ಆ ಪೈಪ್ ಉದ್ದ ಸುತ್ತಿ ಬರುತ್ತಿತ್ತು, ಅರ್ಧ ಪೆಡಲ್‌ನಲ್ಲಿ ಜಗ್ಗಾಟ ಜಾಸ್ತಿ ಇತ್ತು. ಹಾಗೆಯೇ ಒಳಗೆ ಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಾದರೆ ವಾಪಸ್ ಗಾಳಿ ಆ ಸೆನ್ಸರ್ ದಾಟಿದ ಮೇಲೆಯೇ ಸೇರಬೇಕು. ಚೆಂದದ ಸದ್ದು ಬರಲಿ ಅಂತ ಹೊರಗೆ ಬಿಟ್ಟರೆ ಲೆಕ್ಕಕ್ಕೆ ಸಿಕ್ಕ ಗಾಳಿ ಎಂಜಿನ್‌ಗೆ ಸೇರುವುದಿಲ್ಲ, ಪೆಟ್ರೋಲ್ ಸುಮ್ನೆ ದಂಡ.

ವಾಲ್ವ್ ಗಟ್ಟಿಮುಟ್ಟಾಗಿದೆ, ಇನ್ನೂ ಬದಲಿಸಿಲ್ಲ. ಎಂಜಿನ್‌ನ ತಳದ ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆ ಆವಿ ಒಳಗೆ ಅಂಟಿ ಫ್ಲಾಪ್ ಬಿಗಿಯಾಗುತ್ತದೆ, ಸರ್ವಿಸ್ ಹೊತ್ತಲ್ಲಿ ಬಿಚ್ಚಿ ಒರೆಸುತ್ತೇನೆ. ಕ್ಲಾಂಪ್‌ಗಳೂ ಸಡಿಲ ಆಗುತ್ತವೆ, ನೋಡಿಕೊಳ್ಳಿ. ವಾಲ್ವ್‌ಗೆ ಐದಕ್ಕೆ ನಾಲ್ಕು ಸ್ಟಾರ್, ಮೊದಲ ಫಿಟ್ಟಿಂಗ್‌ಗೆ ಎರಡು. ಹೊಸದಾಗಿ ಹಾಕಿಸುವವರು ದುಡ್ಡು ಕೊಡುವ ಮೊದಲು ಪೈಪ್‌ಗಳ ನಕ್ಷೆ ಒಂದು ಕಾಗದದ ಮೇಲೆ ಬರೆಸಿಕೊಳ್ಳಿ. ಆರ್‌ಟಿಒ ಮತ್ತು ಇನ್ಶೂರೆನ್ಸ್ ವಿಷಯವನ್ನೂ ಆಗಲೇ ವಿಚಾರಿಸಿಬಿಡಿ.